ಜಾತ್ರೆ ನಮ್ಮದು, ನಾಯಿಯದಲ್ಲ



ದಾವಣಗೆರೆ ಪಕ್ಕದ ನಮ್ಮ ಬಾತಿಯಲ್ಲಿ ಮೊದಲು ನಾಯಿ ಅಂದರೆ ಹೊಲ ಕಾಯುವುದು, ಕಣ ಕಾಯುವುದು, ಕುರಿಹಟ್ಟಿಯ ಮುಂದೆ ಮಲಗುವುದು. ಈಗ ಅದು ಪಡಸಾಲೆಗೆ ಬಂದಿದೆ, ಕೆಲವರ ಮನೆಯಲ್ಲಿ ಹಾಸಿಗೆಗೂ ಬಂದಿದೆ. ಲ್ಯಾಬ್ರಡಾರ್, ಪಗ್, ಜರ್ಮನ್ ಶೆಫರ್ಡ್ ಎಂದು ನೀವು ಸಲೀಸಾಗಿ ತಳಿಗಳ ಹೆಸರು ಹೇಳುತ್ತೀರಿ. ಇಂಜೆಕ್ಷನ್ ಕಾರ್ಡನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತೀರಿ. ಕಲ್ಲು ಎತ್ತುವ ಕೈಗಳಿಗಿಂತ ತಲೆ ಸವರುವ ಕೈಗಳು ಹೆಚ್ಚಾದದ್ದು ನನಗೆ ನಿಜವಾಗಿ ಸಂತೋಷದ ಮಾತು.

ಆದರೆ ಈ ಪ್ರೀತಿಯ ಬೆನ್ನಿಗೇ ಇನ್ನೊಂದು ರೂಢಿ ಬೆಳೆಯುತ್ತಿದೆ. ದುಗ್ಗಮ್ಮನ ಜಾತ್ರೆಗೆ ಹೊರಟರೆ ನಾಯಿಯೂ ಬೈಕಿನ ಮೇಲೆ. ಗಣಪತಿ ಮೆರವಣಿಗೆಗೆ ಹೊರಟರೆ ನಾಯಿಯ ಕೊರಳಿಗೂ ಶಾಲು. ಭಾನುವಾರ ಸಂಜೆ ಕುಂದವಾಡದ ಗಾಜಿನ ಮನೆಯ ಜಂಗುಳಿಯಲ್ಲಿ ನಾಯಿಯನ್ನು ಎತ್ತಿ ಹಿಡಿದು ಫೋಟೊ, ರೀಲ್ಸು. ಅದಕ್ಕೇ ಈ ಮಾತು ಹೇಳಬೇಕಾಗಿದೆ. ನಾಯಿಗೆ ಜಾತ್ರೆ ಬೇಕಿಲ್ಲ, ಅದಕ್ಕೆ ಬೇಕಾಗಿರುವುದು ನೀವು. ನೀವು ಹೊರಟಿರಿ ಎಂದು ಅದು ಬಾಲ ಅಲ್ಲಾಡಿಸುತ್ತ ಬಾಗಿಲಿಗೆ ಬರುತ್ತದೆ. ಆ ಬಾಲವನ್ನು ಜಾತ್ರೆಗೆ ಕೊಟ್ಟ ಒಪ್ಪಿಗೆ ಎಂದು ತಿಳಿಯಬೇಡಿ.

ಎರಡು ವರ್ಷಕ್ಕೊಮ್ಮೆ ಫೆಬ್ರವರಿ–ಮಾರ್ಚ್‌ನಲ್ಲಿ ದುಗ್ಗಮ್ಮನ ಜಾತ್ರೆ ಬಂದಾಗ ದಾವಣಗೆರೆ ಹೇಗಿರುತ್ತದೆ ಎಂಬುದು ನಿಮಗೆ ಗೊತ್ತು. ಕಾಲಿಡಲು ಜಾಗವಿಲ್ಲ. ಡೊಳ್ಳು, ಉರುಮೆ, ಹಲಗೆ, ಮೈಕು, ಪೀಪಿ, ಪಟಾಕಿ. ನಮಗೆ ಅದು ಹಬ್ಬ, ಯಾಕೆಂದರೆ ಯಾವ ಸದ್ದು ಯಾಕೆ ಬರುತ್ತಿದೆ ಎಂಬುದು ನಮಗೆ ತಿಳಿದಿದೆ. ಅದೇ ಜಾತ್ರೆಯನ್ನು ಒಮ್ಮೆ ನಿಮ್ಮ ಮೊಣಕಾಲಿನ ಎತ್ತರಕ್ಕೆ ಕೂತು ನೋಡಿ. ದೇವಿಯೂ ಕಾಣುವುದಿಲ್ಲ, ದೀಪವೂ ಕಾಣುವುದಿಲ್ಲ. ಕಾಣುವುದು ಕಾಲುಗಳು, ಚಪ್ಪಲಿಗಳು, ಬೈಕಿನ ಸೈಲೆನ್ಸರ್‌ಗಳು ಮಾತ್ರ. ಯಾವ ಕಾಲು ಯಾವಾಗ ಬಾಲದ ಮೇಲೆ ಬೀಳುತ್ತದೋ ಗೊತ್ತಿಲ್ಲ. ನಾಯಿ ನೋಡುವ ಜಾತ್ರೆ ಅದು.

ಕಿವಿಯ ಮಾತು ಬೇರೆಯೇ. ನಮ್ಮ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನದವರೆಗಿನ ಸದ್ದು ಕೇಳಿಸಿದರೆ, ನಾಯಿಗೆ 45,000ದ ಆಸುಪಾಸಿನವರೆಗೂ ಕೇಳಿಸುತ್ತದೆ. ನಮಗೆ ಕೇಳದಷ್ಟು ಸಣ್ಣ ಸದ್ದು ಅದಕ್ಕೆ ದೂರದಿಂದಲೇ ತಿಳಿಯುತ್ತದೆ. ಬಾತಿ ಗುಡ್ಡದ ಬುಡದಲ್ಲಿ ನಿಮ್ಮ ಬೈಕು ತಿರುಗುವಷ್ಟರಲ್ಲಿ ಮನೆಯ ನಾಯಿ ಎದ್ದು ನಿಲ್ಲುವುದು ಇದರಿಂದಲೇ. ಅಂಥ ಕಿವಿಯನ್ನು ಡಿಜೆ ಪೆಟ್ಟಿಗೆಯ ಮುಂದೆ ತಂದು ನಿಲ್ಲಿಸಿದರೆ ಏನಾದೀತು, ಯೋಚಿಸಿ. ಎದೆ ನಡುಗಿಸುವ ಆ ಸದ್ದನ್ನು ಕೆಲವು ನಿಮಿಷ ತಾಳಲಾರದೆ ನಾವೇ ಕಿವಿ ಮುಚ್ಚಿಕೊಳ್ಳುತ್ತೇವೆ. ನಾಯಿಗೆ ಕಿವಿ ಮುಚ್ಚಿಕೊಳ್ಳಲು ಕೈಯಿಲ್ಲ. ಓಡಿಹೋಗೋಣವೆಂದರೆ ಚೈನು ನಿಮ್ಮ ಕೈಯಲ್ಲಿದೆ.

ಮೂಗಿನ ಲೆಕ್ಕ ಇನ್ನೂ ದೊಡ್ಡದು. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು ಸುಮಾರು 50–60 ಲಕ್ಷ. ನಾಯಿಯ ಮೂಗಿನಲ್ಲಿ, ತಳಿಗೆ ತಕ್ಕಂತೆ, 12 ಕೋಟಿಯಿಂದ 30 ಕೋಟಿ. ಮಂಡಕ್ಕಿ, ಮಿರ್ಚಿ, ಮಸಾಲೆ, ಬೆವರು, ಊದುಬತ್ತಿ, ಪಟಾಕಿಯ ಗಂಧಕ, ಬಾಡೂಟದ ಒಲೆ, ಕುರಿಗಳು, ಊರ ನಾಯಿಗಳ ಗುರುತು ಎಲ್ಲವೂ ಒಟ್ಟಿಗೆ ನುಗ್ಗಿದಾಗ ಅದಕ್ಕೆ ತನ್ನ ಯಜಮಾನನ ವಾಸನೆಯೊಂದನ್ನೇ ಹಿಡಿದುಕೊಂಡಿರುವುದು ಕಷ್ಟ. ಜನರ ನಡುವೆ ಒಂದು ಕ್ಷಣ ನೀವು ಕಣ್ಮರೆಯಾದರೆ ಅದು ಅಷ್ಟು ಗಾಬರಿಯಾಗುವುದು ಇದಕ್ಕೇ.

ಇನ್ನು ಬಿಸಿಲು. ಮಾರ್ಚ್ ಬಂತೆಂದರೆ ನಮ್ಮ ಸೀಮೆಯ ಬಿಸಿಲು ಎಂಥದೆಂದು ಹೇಳಬೇಕಿಲ್ಲ. ನಮಗೆ ಮೈಯೆಲ್ಲ ಬೆವರುತ್ತದೆ, ಗಾಳಿ ತಾಗಿದರೆ ತಂಪಾಗುತ್ತದೆ. ನಾಯಿ ಬೆವರುವುದು ಅಂಗಾಲಿನಲ್ಲಿ ಮಾತ್ರ, ಅದೂ ಅಷ್ಟಕ್ಕಷ್ಟೇ. ನಾಲಿಗೆ ಚಾಚಿ ತೇಕುವುದೇ ಅದಕ್ಕಿರುವ ಮುಖ್ಯ ದಾರಿ. ಜನಜಂಗುಳಿಯ ನಡುವೆ ಗಾಳಿಯೇ ಬಿಸಿಯಾಗಿರುವಾಗ ತೇಕಿದರೂ ಮೈ ಆರುವುದಿಲ್ಲ. ಪಗ್, ಶಿಹ್ ತ್ಸು, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯ ನಾಯಿಗಳಿಗಂತೂ ಉಸಿರಿನ ದಾರಿಯೇ ಇಕ್ಕಟ್ಟು, ಅವು ಬೇಗ ಕುಸಿಯುತ್ತವೆ. ನಾಯಿಯ ಮೈಶಾಖ ಸಹಜವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅದು 104 ದಾಟಿದರೆ ಅಪಾಯ, 106 ಮುಟ್ಟಿದರೆ ಪ್ರಾಣಕ್ಕೇ ಕುತ್ತು. ಕಾಲಡಿಯ ಡಾಂಬರನ್ನೂ ಮರೆಯಬೇಡಿ. ನಿಮ್ಮ ಅಂಗೈಯ ಹಿಂಬದಿಯನ್ನು ರಸ್ತೆಯ ಮೇಲೆ ಏಳೆಂಟು ಎಣಿಸುವಷ್ಟು ಹೊತ್ತು ಇಟ್ಟು ನೋಡಿ. ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಆಗುವುದಿಲ್ಲ.

“ನಮ್ಮ ನಾಯಿ ಏನೂ ಮಾಡಲ್ಲ, ಎಷ್ಟು ಜನ ಇದ್ದರೂ ಸುಮ್ಮನೆ ಇರುತ್ತದೆ” ಎಂದು ನೀವು ಹೇಳುತ್ತೀರಿ. ಆ ಸುಮ್ಮನಿರುವಿಕೆಯನ್ನೇ ನೀವು ಓದಲು ಕಲಿಯಬೇಕು. ನಾರ್ವೆ ದೇಶದ ತುರಿದ್ ರುಗೋಸ್ ಎಂಬ ತರಬೇತುಗಾರ್ತಿ ನಾಯಿಗಳ ಮೈಮಾತನ್ನು ವರ್ಷಾನುಗಟ್ಟಲೆ ಗಮನಿಸಿ, ಅವು ಬೊಗಳುವುದಕ್ಕೆ ಬಹಳ ಮೊದಲೇ ಎಷ್ಟೋ ಹೇಳಿರುತ್ತವೆ ಎಂದು ಜಗತ್ತಿಗೆ ತೋರಿಸಿಕೊಟ್ಟರು. ನಿದ್ದೆ ಬಾರದಿದ್ದರೂ ಮತ್ತೆ ಮತ್ತೆ ಆಕಳಿಸುವುದು. ತಿನ್ನಲು ಏನೂ ಇಲ್ಲದಿದ್ದರೂ ಮೂತಿ ನೆಕ್ಕಿಕೊಳ್ಳುವುದು. ಎದುರಿಗೆ ಬಂದವರಿಂದ ಮುಖ ತಿರುಗಿಸುವುದು. ಕಣ್ಣಿನ ಬಿಳಿ ಭಾಗ ಕಾಣುವ ಹಾಗೆ ಓರೆನೋಟ ಬೀರುವುದು. ಮೈ ಒದ್ದೆಯಿಲ್ಲದಿದ್ದರೂ ಕೊಡವಿಕೊಳ್ಳುವುದು. ಕಿವಿ ಹಿಂದಕ್ಕೆ ಒತ್ತಿ ಬಾಲವನ್ನು ಕಾಲಸಂದಿಗೆ ಸೇರಿಸುವುದು. ಮನೆಯಲ್ಲಿ ಹಾರಿ ಕಸಿದುಕೊಳ್ಳುವ ಬಿಸ್ಕತ್ತನ್ನು ಅಲ್ಲಿ ಮೂಸಿಯೂ ನೋಡದಿರುವುದು. ಕೊನೆಗೆ ಕಲ್ಲಿನ ಹಾಗೆ ಅಲುಗಾಡದೆ ನಿಂತುಬಿಡುವುದು. ಈ ಕೊನೆಯದನ್ನು ನೋಡಿ “ಎಷ್ಟು ಚೆನ್ನಾಗಿ ಕೂತಿದೆ” ಎಂದು ಹೊಗಳುವವರಿದ್ದಾರೆ. ಅದು ಹೆದರಿ ಹೆಪ್ಪುಗಟ್ಟಿದ ನಾಯಿ, ಅದನ್ನು ನೆಮ್ಮದಿ ಎಂದು ತಿಳಿಯಬಾರದು.

ಒತ್ತಡ ಒಂದೇ ಸಲಕ್ಕೆ ಬರುವುದೂ ಇಲ್ಲ. ಒಲೆಯ ಮೇಲಿಟ್ಟ ಹಾಲು ಕಡೆಯ ಕ್ಷಣದವರೆಗೂ ಸುಮ್ಮನಿದ್ದು ಒಮ್ಮೆಲೇ ಉಕ್ಕುವ ಹಾಗೆ, ನಾಯಿಯೊಳಗೆ ಒಂದರ ಮೇಲೊಂದು ಸೇರುತ್ತ ಹೋಗುತ್ತದೆ. ಬೈಕಿನ ಪಯಣ, ಬಿಸಿಲು, ಬಾಯಾರಿಕೆ, ಡೊಳ್ಳು, ಯಾರೋ ತುಳಿದ ಕಾಲು. ಆಮೇಲೆ ಮೂರು ವರ್ಷದ ಮಗುವೊಂದು ಪ್ರೀತಿಯಿಂದ ಬಂದು ಕುತ್ತಿಗೆ ತಬ್ಬಿಕೊಳ್ಳುತ್ತದೆ. ಆಗ ನಾಯಿ ಹಲ್ಲು ಹಾಕಿದರೆ “ಇದ್ದಕ್ಕಿದ್ದಂತೆ ಕಚ್ಚಿತು” ಎನ್ನುತ್ತಾರೆ. ಇದ್ದಕ್ಕಿದ್ದಂತೆ ಏನೂ ಆಗಿರುವುದಿಲ್ಲ. ಅದು ಗಂಟೆಯಿಂದ ಹೇಳುತ್ತಲೇ ಇತ್ತು, ಕೇಳುವವರು ಇರಲಿಲ್ಲ. ಇನ್ನೊಂದು ಮಾತು. ನಾಯಿ ಗುರುಗುಟ್ಟಿದರೆ ಅದಕ್ಕೆ ಹೊಡೆಯಬೇಡಿ. ಗುರುಗುಟ್ಟುವುದು ಅದು ಕೊಡುವ ಎಚ್ಚರಿಕೆ. ಹೊಡೆದು ಆ ಎಚ್ಚರಿಕೆಯನ್ನು ನಿಲ್ಲಿಸಿದರೆ, ಮುಂದೆ ಎಚ್ಚರಿಸದೆ ಕಚ್ಚುವ ನಾಯಿಯನ್ನು ನೀವೇ ತಯಾರು ಮಾಡಿದ ಹಾಗೆ.

ನಿಪ್ಪಾಣಿ ತಾಲ್ಲೂಕಿನ ಯಮಗರ್ಣಿಯ ‘ಮಹಾರಾಜ’ ಎಂಬ ನಾಯಿಯ ಸಂಗತಿ ನೀವು ಮೊಬೈಲಿನಲ್ಲಿ ನೋಡಿರುತ್ತೀರಿ. 2024ರ ಜೂನ್ ಕೊನೆಯಲ್ಲಿ ಆಷಾಢ ಏಕಾದಶಿಯ ವಾರಿ ಪಾದಯಾತ್ರೆಯಲ್ಲಿ ಪಂಢರಪುರಕ್ಕೆ ಹೊರಟ ತನ್ನ ಯಜಮಾನನ ಜೊತೆ ಅದೂ ನಡೆದುಕೊಂಡು ಹೋಯಿತು. ಸುಮಾರು 250 ಕಿಲೋಮೀಟರ್ ದಾರಿ, ಜೊತೆಗೆ ಭಜನೆ ಹಾಡುವ ಯಾತ್ರಿಕರು. ವಿಠೋಬನ ದರ್ಶನ ಮುಗಿಸಿ ಹೊರಬಂದು ನೋಡಿದರೆ ಆ ಜನಸಾಗರದಲ್ಲಿ ನಾಯಿ ಇಲ್ಲ. ಹುಡುಕಿದರೂ ಸಿಗಲಿಲ್ಲ. ಬೇರೆ ಯಾವುದೋ ಗುಂಪಿನ ಜೊತೆ ಹೋಯಿತೆಂದು ಯಾರೋ ಹೇಳಿದರು. ಜುಲೈ ನಡುವಿನಲ್ಲಿ ಯಜಮಾನ ಊರಿಗೆ ಮರಳಿದ. ಮರುದಿನ ನೋಡಿದರೆ ನಾಯಿ ಮನೆ ಬಾಗಿಲಲ್ಲಿ ಬಾಲ ಅಲ್ಲಾಡಿಸುತ್ತ ನಿಂತಿದೆ. ಊರವರು ಅದಕ್ಕೆ ಹಾರ ಹಾಕಿದರು, ಊಟ ಹಾಕಿಸಿದರು. ಪಾಂಡುರಂಗನೇ ದಾರಿ ತೋರಿಸಿದ ಎಂದರು.

ಆ ಭಕ್ತಿಗೆ ನಾನೂ ಕೈ ಮುಗಿಯುತ್ತೇನೆ. ಆದರೆ ಆ ಸಂಗತಿಯಿಂದ ನೀವು ಕಲಿಯಬೇಕಾದ್ದು ಬೇರೆ ಇದೆ. ಮಹಾರಾಜ ಹಳ್ಳಿಯ ನಾಯಿ, ಯಜಮಾನನ ಹಿಂದೆ ನಡೆದು ಪಳಗಿದ ನಾಯಿ. ಅದು ಆ ದಾರಿಯನ್ನು ತನ್ನ ಕಾಲಿನಿಂದ ತುಳಿದಿತ್ತು, ತನ್ನ ಮೂಗಿನಿಂದ ಓದಿತ್ತು. ಅಂಥ ನಾಯಿಯೂ ಜಂಗುಳಿಯಲ್ಲಿ ತಪ್ಪಿಸಿಕೊಂಡಿತು. ನೀವು ಬಾತಿಯಿಂದ ಕಾರಿನಲ್ಲಿ ಗಾಜು ಏರಿಸಿ ದಾವಣಗೆರೆಗೋ ಹರಿಹರಕ್ಕೋ ಒಯ್ಯುವ ನಾಯಿಗೆ ಆ ದಾರಿಯ ಒಂದು ಗುರುತೂ ಇರುವುದಿಲ್ಲ. ಮನೆ ಬಾಗಿಲಲ್ಲಿ ಹತ್ತಿತು, ದುಗ್ಗಮ್ಮನ ಗುಡಿಯ ಹತ್ತಿರ ಇಳಿಯಿತು. ನಡುವೆ ಏನಿದೆ ಎಂಬುದು ಅದಕ್ಕೆ ಗೊತ್ತೇ ಇಲ್ಲ. ಪಟಾಕಿಗೆ ಬೆದರಿ ಬೆಲ್ಟು ಕಿತ್ತುಕೊಂಡು ಓಡಿದರೆ ಸಿಗುವುದು ಹಳೇ ಪಿ.ಬಿ. ರಸ್ತೆಯ ಲಾರಿಗಳು, ರೈಲು ಹಳಿ, ಊರ ನಾಯಿಗಳ ಗುಂಪು. ಮನೆಗೆ ಮರಳಿದ ಒಂದು ನಾಯಿಗೆ ಹಾರ ಬಿತ್ತು. ಮರಳದ ನಾಯಿಗಳ ಸುದ್ದಿಯನ್ನು ಯಾರೂ ಬರೆಯುವುದಿಲ್ಲ.

“ಪೊಲೀಸರು ನಾಯಿಯನ್ನು ಜನರ ನಡುವೆ ತರುವುದಿಲ್ಲವೇ?” ಎಂದು ಕೇಳಬಹುದು. ತರುತ್ತಾರೆ. ನಮ್ಮ ಜಿಲ್ಲೆಯ ಪೊಲೀಸ್ ಶ್ವಾನದಳದಲ್ಲಿದ್ದ ‘ತುಂಗಾ’ಳ ಹೆಸರು ಯಾರಿಗೆ ಗೊತ್ತಿಲ್ಲ? 2020ರ ಜುಲೈನಲ್ಲಿ ಕೊಲೆ ಪ್ರಕರಣವೊಂದರಲ್ಲಿ ವಾಸನೆ ಹಿಡಿದು ಸುಮಾರು 12 ಕಿಲೋಮೀಟರ್ ಓಡಿ ಆರೋಪಿಯ ಸುಳಿವು ಕೊಟ್ಟ ಡಾಬರ್‌ಮನ್ ಅದು. ಇಡೀ ದೇಶವೇ ಆಗ ದಾವಣಗೆರೆಯ ಕಡೆ ನೋಡಿತು. ಆದರೆ ಅಂಥ ನಾಯಿಯ ಹಿಂದೆ ಏನಿರುತ್ತದೆ ಎಂಬುದನ್ನೂ ನೋಡಿ. ಮರಿಯಿದ್ದಾಗಲೇ ಗುಣ ನೋಡಿ ಆಯ್ಕೆ ಮಾಡುತ್ತಾರೆ. ತಿಂಗಳುಗಟ್ಟಲೆ ತರಬೇತಿ ಕೊಡುತ್ತಾರೆ. ಸದ್ದಿಗೆ, ಜನಕ್ಕೆ, ವಾಹನಕ್ಕೆ ಹಂತಹಂತವಾಗಿ ಒಗ್ಗಿಸುತ್ತಾರೆ. ಅದನ್ನೇ ಕಾಯಕ ಮಾಡಿಕೊಂಡ, ಅದರ ಕಣ್ಣು ನೋಡಿಯೇ ದಣಿವನ್ನು ತಿಳಿಯುವ ಹ್ಯಾಂಡ್ಲರ್ ಜೊತೆಗಿರುತ್ತಾನೆ. ಕೆಲಸ ಮುಗಿದೊಡನೆ ವಿಶ್ರಾಂತಿ. ಅಲ್ಲಿ ನಾಯಿಗೆ ಒಂದು ಕೆಲಸವಿದೆ, ಮನಸ್ಸು ನಿಲ್ಲಿಸಲು ಒಂದು ವಾಸನೆಯಿದೆ. ನಿಮ್ಮ ಪಗ್‌ಗೆ ಗಣಪತಿ ಮೆರವಣಿಗೆಯಲ್ಲಿ ಏನು ಕೆಲಸ?

ನಮ್ಮ ಸೀಮೆಯ ಭಕ್ತಿಯಲ್ಲಿ ನಾಯಿಗೆ ದೊಡ್ಡ ಸ್ಥಾನವಿದೆ ಎಂಬುದನ್ನು ನಾನು ಮರೆತಿಲ್ಲ. ಹರಿಹರದಿಂದ ತುಂಗಭದ್ರೆಯ ಜೊತೆ ಕೆಳಗೆ ಹೋದರೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರ ಸಿಗುತ್ತದೆ. ಅಲ್ಲಿ ಗೊರವಯ್ಯಗಳು ತಾವೇ ಮೈಲಾರಲಿಂಗನ ನಾಯಿಗಳೆಂದು ಭಾವಿಸಿ, ಬೊಗಳುತ್ತ, ದೋಣಿ ಎಂಬ ಪಾತ್ರೆಯಲ್ಲಿಟ್ಟ ನೈವೇದ್ಯವನ್ನು ಬಾಯಿಂದಲೇ ತಿನ್ನುವ ಸೇವೆ ಮಾಡುತ್ತಾರೆ. ನಾಯಿಯ ನಿಷ್ಠೆಯನ್ನು ಮನುಷ್ಯ ತನ್ನ ಮೈಮೇಲೆ ತಂದುಕೊಳ್ಳುವ ಇಂಥ ಪದ್ಧತಿ ನಮ್ಮ ಹಿರಿಯರದು. ಭರತ ಹುಣ್ಣಿಮೆಯ ಸಮಯದಲ್ಲಿ ಅಲ್ಲಿನ ಡೆಂಕನಮರಡಿಯಲ್ಲಿ ಕಾರಣಿಕದ ನುಡಿ ಕೇಳಲು ಲಕ್ಷಗಟ್ಟಲೆ ಜನ ಸೇರುತ್ತಾರೆ. ಅಷ್ಟು ಗೌರವ ಇಟ್ಟುಕೊಂಡವರೂ ಮನೆ ಕಾಯುವ ನಾಯಿಯನ್ನು ಮನೆಯಲ್ಲೇ ಬಿಟ್ಟು ಬಂಡಿ ಕಟ್ಟುತ್ತಿದ್ದರು. ದೇವರ ಹೆಸರಿನಲ್ಲಿ ನಾಯಿಗೆ ಸಲ್ಲಬೇಕಾದದ್ದು ಒಂದು ಹಿಡಿ ಅನ್ನ, ಒಂದು ಬೋಗುಣಿ ನೀರು, ಒಂದು ನೆರಳು. ಮೆರವಣಿಗೆ ಅದಕ್ಕೆ ಯಾವ ಪುಣ್ಯವನ್ನೂ ಕೊಡುವುದಿಲ್ಲ.

ಜಂಗುಳಿಯಲ್ಲಿ ಬೇರೆಯವರೂ ಇದ್ದಾರೆ ಎಂಬುದನ್ನು ನೆನಪಿಡಿ. ಚಿಕ್ಕಂದಿನಲ್ಲಿ ನಾಯಿ ಕಚ್ಚಿಸಿಕೊಂಡು ಇಂದಿಗೂ ನಡುಗುವವರಿದ್ದಾರೆ. ಮಡಿಯಲ್ಲಿ ಬಂದ ಅಜ್ಜಿಯರಿದ್ದಾರೆ. ಬಾತಿ ಗುಡ್ಡದ ಉರುಸಿಗೆ ನಮಾಜು ಮುಗಿಸಿ ಬಂದವರಿದ್ದಾರೆ. ನಾಯಿಯ ಜೊಲ್ಲು ತಾಗಿದರೆ ಅವರ ಮನಸ್ಸು ನೋಯುತ್ತದೆ. ನಿಮಗೆ ಇಷ್ಟವಾದದ್ದು ಅವರಿಗೂ ಇಷ್ಟವಾಗಬೇಕೆಂದಿಲ್ಲ. ಕಾನೂನು ಕೂಡ ಸುಮ್ಮನಿಲ್ಲ. ಸಾಕುಪ್ರಾಣಿಯಿಂದ ಬೇರೆಯವರಿಗೆ ಅಪಾಯವಾಗದಂತೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಪ್ರಾಣಿಗೆ ಅನಗತ್ಯ ನೋವು ಕೊಡುವುದನ್ನು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಅಪರಾಧವೆನ್ನುತ್ತದೆ. ಒಂದು ವೇಳೆ ಹಲ್ಲು ತಾಗಿಯೇಬಿಟ್ಟರೆ, ನಾಯಿಗೆ ಲಸಿಕೆ ಆಗಿದೆ ಎಂದು ಹೇಳಿ ಜಾರಿಕೊಳ್ಳಬೇಡಿ. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿಸಿ, ಅರಿಸಿನ, ಸುಣ್ಣ, ಖಾರದಪುಡಿ ಏನನ್ನೂ ಹಾಕಲು ಬಿಡದೆ, ನೀವೇ ಮುಂದೆ ನಿಂತು ಚಿಗಟೇರಿ ಜಿಲ್ಲಾ ಆಸ್ಪತ್ರೆಗೋ ಹತ್ತಿರದ ಆರೋಗ್ಯ ಕೇಂದ್ರಕ್ಕೋ ಕರೆದುಕೊಂಡು ಹೋಗಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮದ್ದಿಲ್ಲದ ರೋಗ. ಅಲ್ಲಿ ಸಂಕೋಚಕ್ಕೆ ಜಾಗವಿಲ್ಲ.

ಮರಿಯಿದ್ದರಂತೂ ಇನ್ನೂ ಜಾಗ್ರತೆ. ಪಾರ್ವೊ ರೋಗದ ವೈರಸ್ಸು ಸೋಂಕಿತ ನಾಯಿಯ ಮಲದಿಂದ ಹರಡುತ್ತದೆ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಡಿಸ್ಟೆಂಪರ್ ಗಾಳಿಯಲ್ಲೇ ಬರುತ್ತದೆ. ಸುಮಾರು ನಾಲ್ಕು ತಿಂಗಳಾಗಿ ಲಸಿಕೆಯ ಸರದಿ ಪೂರ್ತಿಯಾಗುವವರೆಗೆ ಹತ್ತಾರು ನಾಯಿಗಳು ಓಡಾಡುವ ಜಾಗಕ್ಕೆ ಮರಿಯನ್ನು ಇಳಿಸಲೇಬೇಡಿ. ಊರ ನಾಯಿಗಳ ಲೆಕ್ಕವೂ ಇದೆ. ಜಾತ್ರೆಯ ಎಲುಬು, ಎಂಜಲೆಲೆಗಳಿಗೆ ಅವು ಗುಂಪುಗೂಡಿರುತ್ತವೆ. ಅದು ಅವುಗಳ ಜಾಗ. ಅಲ್ಲಿಗೆ ಹೊಸ ನಾಯಿ ಕಾಲಿಟ್ಟರೆ ಸುಮ್ಮನೆ ಬಿಡುವುದಿಲ್ಲ.

ಹಾಗಾದರೆ ನಾಯಿಯನ್ನು ಮನೆಯಲ್ಲೇ ಕಟ್ಟಿ ಹಾಕಬೇಕೇ? ಅದಲ್ಲ ನನ್ನ ಮಾತು. ಲೋಕವನ್ನು ಅದಕ್ಕೆ ತೋರಿಸಿ, ಆದರೆ ಅದರ ಅಳತೆಯಲ್ಲಿ ತೋರಿಸಿ. ಅಮೆರಿಕದ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಎಂಬ ಇಬ್ಬರು ವಿಜ್ಞಾನಿಗಳು ವರ್ಷಗಟ್ಟಲೆ ಮರಿಗಳನ್ನು ಗಮನಿಸಿ 1965ರಲ್ಲಿ ಬರೆದ ಪುಸ್ತಕ ಇವತ್ತಿಗೂ ಈ ವಿದ್ಯೆಯ ಬುನಾದಿ. ಮೂರನೇ ವಾರದಿಂದ ಹನ್ನೆರಡನೇ ವಾರದವರೆಗೆ ಮರಿಯ ಮನಸ್ಸು ಹೊಸದನ್ನು ಹೆದರದೆ ಒಪ್ಪಿಕೊಳ್ಳುತ್ತದೆ ಎಂಬುದು ಅವರ ತಿಳಿವಳಿಕೆಯ ಸಾರ. ಆ ದಿನಗಳಲ್ಲಿ ಮರಿಯನ್ನು ನೆಲಕ್ಕೆ ಬಿಡದೆ ಎತ್ತಿಕೊಂಡು, ದೂರದಿಂದ ಬಸ್ಸು, ಟ್ರ್ಯಾಕ್ಟರು, ಟೋಪಿ ಹಾಕಿದವರು, ಕೋಲು ಹಿಡಿದವರು, ಓಡುವ ಮಕ್ಕಳು ಎಲ್ಲವನ್ನೂ ಒಂದಿಷ್ಟಿಷ್ಟೇ ತೋರಿಸಿ. ಮನೆಯಲ್ಲಿ ಡೊಳ್ಳಿನ ಸದ್ದನ್ನು ಮೊಬೈಲಿನಲ್ಲಿ ಮೆಲ್ಲಗೆ ಹಾಕಿ, ಊಟ ಕೊಡಿ. ದಿನ ಕಳೆದಂತೆ ಸದ್ದನ್ನು ತುಸು ಏರಿಸಿ.

ದೊಡ್ಡ ನಾಯಿಯಾದರೆ ಬೆಳಿಗ್ಗೆ ಬಿಸಿಲು ಏರುವ ಮುಂಚೆ ಬಾತಿ ಕೆರೆಯ ಕಡೆ ನಡೆಸಿಕೊಂಡು ಹೋಗಿ. ಮೂಸಲು ಬಿಡಿ, ಅವಸರ ಮಾಡಬೇಡಿ. ನಾಯಿಗೆ ಅರ್ಧ ಗಂಟೆ ನಿಧಾನವಾಗಿ ಮೂಸುತ್ತ ನಡೆಯುವುದೇ ದೊಡ್ಡ ಜಾತ್ರೆ. ಅದು ಒಗ್ಗಿದ ಮೇಲೆ ಸಂತೆ ಮುಗಿದ ಹೊತ್ತಿನಲ್ಲಿ ಸಂತೆಮಾಳದ ಅಂಚಿಗೆ ಹೋಗಿ ನಿಲ್ಲಿ. ಹತ್ತು ನಿಮಿಷ ಸಾಕು. ಹೆದರಿಕೆ ಶುರುವಾಗುವ ಮುಂಚೆಯೇ ಮರಳಿ ಬನ್ನಿ. “ಅಭ್ಯಾಸ ಆಗಲಿ” ಎಂದು ಒಮ್ಮೆಲೇ ಜಂಗುಳಿಗೆ ನೂಕಿದರೆ ಅಭ್ಯಾಸವಾಗುವುದಿಲ್ಲ, ಹೆದರಿಕೆ ಬೇರೂರುತ್ತದೆ. ಕೆಲವು ನಾಯಿಗಳು ಎಷ್ಟು ಮಾಡಿದರೂ ಜನಸಂದಣಿಯನ್ನು ಒಪ್ಪುವುದಿಲ್ಲ. ಅವನ್ನು ಹಾಗೆಯೇ ಒಪ್ಪಿಕೊಳ್ಳಿ. ಮನುಷ್ಯರಲ್ಲೂ ಏಕಾಂತ ಬಯಸುವವರು ಇಲ್ಲವೇ?

ಹಬ್ಬದ ದಿನ ಮನೆಯಲ್ಲಿ ಬಿಡುವುದಕ್ಕೂ ಒಂದು ಕ್ರಮವಿದೆ. ದುಗ್ಗಮ್ಮನ ಜಾತ್ರೆಯಲ್ಲಿ ಬೀಗರು, ನೆಂಟರು, ಸ್ನೇಹಿತರು ಬಂದು ಮನೆಯೇ ಜಾತ್ರೆಯಾಗುವುದುಂಟು. ಗೇಟು ತೆಗೆದವರು ಹಾಕುವುದಿಲ್ಲ, ಮಕ್ಕಳು ಬಾಲ ಎಳೆಯುತ್ತಾರೆ, ಹಿತ್ತಲಲ್ಲಿ ಒಲೆ ಉರಿಯುತ್ತದೆ. ಆದ್ದರಿಂದ ಮಾಳಿಗೆಯ ಮೇಲೋ ಒಳಗಿನ ಒಂದು ಕೋಣೆಯಲ್ಲೋ ನಾಯಿಗೆ ಮೊದಲೇ ಜಾಗ ಮಾಡಿ. ಅದು ದಿನಾ ಮಲಗುವ ಚೀಲ ಅಥವಾ ಕಂಬಳಿ, ನೀರು, ನೀವು ಉಟ್ಟು ಬಿಟ್ಟ ಒಂದು ಬಟ್ಟೆ ಅಲ್ಲಿರಲಿ. ಬೆಳಿಗ್ಗೆಯೇ ಚೆನ್ನಾಗಿ ನಡೆಸಿ ದಣಿಸಿ, ಊಟ ಹಾಕಿ. ಕಿಟಕಿ ಮುಚ್ಚಿ, ಫ್ಯಾನು ಹಾಕಿ. ಟಿವಿಯ ಮೆಲುದನಿ ಇದ್ದರೆ ಹೊರಗಿನ ಪಟಾಕಿ ಅಷ್ಟು ಬಡಿಯುವುದಿಲ್ಲ. ಹೆದರಿ ಮಂಚದ ಕೆಳಗೆ ಹೊಕ್ಕರೆ ಎಳೆಯಬೇಡಿ. ನಿಮ್ಮ ಹತ್ತಿರ ಬಂದರೆ ಸವರಿ, ಅದರಿಂದ ಹೆದರಿಕೆ ಹೆಚ್ಚಾಗುವುದಿಲ್ಲ. ಸದ್ದಿಗೆ ತೀರಾ ಹೆದರುವ ನಾಯಿಯಾದರೆ ಹಬ್ಬಕ್ಕೆ ವಾರವಿರುವಾಗಲೇ ಪಶುವೈದ್ಯರನ್ನು ಕಾಣಿ. ನಿಮ್ಮ ಮನಸ್ಸಿಗೆ ಬಂದ ಗುಳಿಗೆಯನ್ನು ನೀವೇ ಕೊಡಬೇಡಿ. ಹಬ್ಬದೂಟದ ಬೇಯಿಸಿದ ಎಲುಬು ಚೂಪಾಗಿ ಸೀಳುತ್ತದೆ, ಕರುಳು ಚುಚ್ಚುತ್ತದೆ. ಈರುಳ್ಳಿ ಹಾಕಿದ ಮಸಾಲೆ, ಬೆಣ್ಣೆ ಸುರಿದ ದೋಸೆ, ಚಾಕೊಲೇಟು, ದ್ರಾಕ್ಷಿ ಯಾವುದೂ ಅದಕ್ಕೆ ಆಗದು. ಬಂದ ನೆಂಟರಿಗೆಲ್ಲ ಇದನ್ನು ಮೊದಲೇ ಹೇಳಿಬಿಡಿ. ನೆಂಟರ ಮುಲಾಜಿಗೆ ನಾಯಿಯ ಹೊಟ್ಟೆ ಕೆಡಬಾರದು.

ಒಮ್ಮೊಮ್ಮೆ ಕರೆದೊಯ್ಯಲೇಬೇಕಾಗುತ್ತದೆ. ಪಶು ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಮೆರವಣಿಗೆ ಸಿಗಬಹುದು, ಊರು ಬದಲಿಸುವಾಗ ಬಸ್‌ಸ್ಟ್ಯಾಂಡ್ ದಾಟಬೇಕಾಗಬಹುದು. ಆಗ ಕೊರಳ ಬೆಲ್ಟೊಂದನ್ನೇ ನಂಬಬೇಡಿ, ಎದೆಗೆ ಹಾಕುವ ಹಾರ್ನೆಸ್ಸೂ ಇರಲಿ. ನಮ್ಮ ಮುಧೋಳ ನಾಯಿಗಳ ತಲೆ ಕಿರಿದು, ಕತ್ತು ದಪ್ಪ. ಹಿಂದಕ್ಕೆ ಜಗ್ಗಿದರೆ ಬೆಲ್ಟು ಸಲೀಸಾಗಿ ಜಾರುತ್ತದೆ. ಬೆಲ್ಟಿನ ಮೇಲೆ ನಿಮ್ಮ ಫೋನ್ ನಂಬರ್ ಇರಲಿ. ನೀರಿನ ಬಾಟಲಿ, ಬೋಗುಣಿ ಜೊತೆಗಿರಲಿ. ಅಂಚಿನಲ್ಲೇ ನಡೆಯಿರಿ, ಡಿಜೆಯಿಂದ ದೂರವಿರಿ, ಹೊರಗೆ ಹೋಗುವ ದಾರಿಯನ್ನು ಮೊದಲೇ ನೋಡಿಕೊಳ್ಳಿ. ಯಾರಾದರೂ ಮುಟ್ಟಲು ಬಂದರೆ “ಬೇಡ” ಎನ್ನಲು ನಾಚಿಕೆ ಬೇಡ. ನಾಯಿಯ ಪರವಾಗಿ ಮಾತಾಡಲು ಅಲ್ಲಿರುವುದು ನೀವೊಬ್ಬರೇ. ತೇಕುವುದು ನಿಲ್ಲದೆ, ಜೊಲ್ಲು ಸುರಿದು, ಕಾಲು ತೊಡರತೊಡಗಿದರೆ ತಡ ಮಾಡದೆ ನೆರಳಿಗೆ ಒಯ್ದು ಮೈಮೇಲೆ ತಣ್ಣೀರು ಸುರಿಯಿರಿ, ಗಾಳಿ ಬೀಸಿ. ಮೈ ತಂಪು ಮಾಡುತ್ತಲೇ ವೈದ್ಯರ ಹತ್ತಿರ ಓಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಐದು ನಿಮಿಷಕ್ಕೂ ಬಿಡಬೇಡಿ. ಕಳೆದುಹೋದರೆ ಗುಂಪು ಕಟ್ಟಿಕೊಂಡು ಬೆನ್ನಟ್ಟಬೇಡಿ, ಇನ್ನೂ ದೂರ ಓಡುತ್ತದೆ. ಹೆದರಿದ ನಾಯಿ ಎಷ್ಟೋ ಸಲ ಹತ್ತಿರದಲ್ಲೇ ಎಲ್ಲೋ ಅವಿತಿರುತ್ತದೆ. ಜನ ಕರಗಿದ ಮೇಲೆ ರಾತ್ರಿಯೋ ನಸುಕಿನಲ್ಲೋ ಅದೇ ಜಾಗಕ್ಕೆ ಹೋಗಿ, ಕೂತು, ಮೆಲ್ಲಗೆ ಕರೆಯಿರಿ.

ರೀಲ್ಸಿನ ವಿಷಯವನ್ನು ಬೇರೆಯಾಗಿಯೇ ಹೇಳುತ್ತೇನೆ. 2022ರಲ್ಲಿ ‘777 ಚಾರ್ಲಿ’ ಸಿನಿಮಾ ನೋಡಿ ಕಣ್ಣೀರು ಹಾಕಿದ ನೀವೇ, ನಾಯಿಗೆ ಕನ್ನಡಕ ಹಾಕಿ ಡಿಜೆ ಮುಂದೆ ಎತ್ತಿ ಕುಣಿಸುತ್ತೀರಿ. ಆ ವಿಡಿಯೊವನ್ನು ಸದ್ದು ತೆಗೆದು ಇನ್ನೊಮ್ಮೆ ನೋಡಿ. ಹಾಡಿನ ಕಡೆ, ನಿಮ್ಮ ಮುಖದ ಕಡೆ ನೋಡದೆ ನಾಯಿಯ ಕಣ್ಣು, ಕಿವಿ, ಬಾಲವನ್ನು ಮಾತ್ರ ನೋಡಿ. ಮೇಲೆ ಹೇಳಿದ ಗುರುತುಗಳಲ್ಲಿ ಎಷ್ಟು ಕಾಣುತ್ತವೆ ಎಂದು ನೀವೇ ಎಣಿಸಿ. ಶ್ವಾನ ಪ್ರದರ್ಶನಕ್ಕೆ ಹೋಗುವವರೂ ಇದೇ ಕಣ್ಣಿಟ್ಟುಕೊಳ್ಳಬೇಕು. ನೆರಳು, ನೀರು, ನಾಯಿ ನಾಯಿಯ ನಡುವೆ ಸಾಕಷ್ಟು ಜಾಗ, ಒಬ್ಬ ಪಶುವೈದ್ಯರು ಇದ್ದಾರೆಯೇ ನೋಡಿ. ಇಲ್ಲದಿದ್ದರೆ ಕಪ್ಪಿನ ಆಸೆ ಬಿಟ್ಟು ಮನೆಗೆ ಬನ್ನಿ.

ಜನ ಮರುಳೋ ಜಾತ್ರೆ ಮರುಳೋ ಎಂದು ಹಿರಿಯರು ಕೇಳಿದ್ದು ಮನುಷ್ಯರನ್ನು. ಆ ಮರುಳಿನಲ್ಲಿ ನಾಯಿಗೆ ಪಾಲಿಲ್ಲ, ಅದು ನಿಮ್ಮೊಬ್ಬರ ಮೇಲಿನ ವಿಶ್ವಾಸದಿಂದ ಮಾತ್ರ ಬಂದಿರುತ್ತದೆ. ಇನ್ನು ಮುಂದೆ ಯಾವ ಜಾತ್ರೆಗೆ ಹೊರಟರೂ ಚೈನಿಗೆ ಕೈ ಹಾಕುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ನಾಯಿಗಾಗಿಯೋ, ನನಗಾಗಿಯೋ? ನಾಯಿಗಾಗಿ ಎಂಬ ಉತ್ತರ ಬಂದರೆ ಬೆಳಗಿನ ಹೊತ್ತು ಕೆರೆಯ ಕಡೆ ಕರೆದೊಯ್ಯಿರಿ. ನನಗಾಗಿ ಎಂಬ ಉತ್ತರ ಬಂದರೆ ಅದರ ಬೋಗುಣಿಗೆ ನೀರು ತುಂಬಿಸಿಟ್ಟು, ಗೇಟು ಭದ್ರ ಮಾಡಿ, ನೀವು ಮಾತ್ರ ಹೋಗಿ ಬನ್ನಿ.